ಡಬ್ಬದ ಮೇಲೆ 3500, ನಮ್ಮನೆಯಲ್ಲಿ 1720

ನನ್ನ ಲ್ಯಾಪ್‌ಟಾಪ್ 2018ರದ್ದು. ಎಂಟನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್, ಒಳಗೆ 5400 ಆರ್‌ಪಿಎಂನ 1 ಟಿಬಿ ಹಾರ್ಡ್ ಡಿಸ್ಕ್. ವಾರವೆಲ್ಲ ಲೆಕ್ಕಪತ್ರದ ಕೆಲಸ, ಶನಿವಾರ ಭಾನುವಾರ ಭಾಮೈದನ ಸ್ಟುಡಿಯೋಗೆ ಮದುವೆ ವಿಡಿಯೋ ಎಡಿಟಿಂಗ್. ಬೆಳಿಗ್ಗೆ ಪವರ್ ಬಟನ್ ಒತ್ತಿ, ಕಾಫಿ ಕುಡಿದು, ಪೇಪರ್ ತಿರುವಿ ಹಾಕಿ ಬಂದರೂ ಪರದೆ ಮೇಲೆ ಬಿಳಿ ಚುಕ್ಕೆಗಳು ಸುತ್ತುತ್ತಲೇ ಇರುತ್ತಿದ್ದವು.

ಕಳೆದ ಏಪ್ರಿಲ್‌ನಲ್ಲಿ ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಿನಲ್ಲಿ ಒಂದು ಎನ್‌ವಿಎಂಇ ಎಸ್‌ಎಸ್‌ಡಿ ತಗೊಂಡೆ, ತಟ್ಟೆ ತಿರುಗಿಸದೆ ಚಿಪ್ಪಿನಲ್ಲೇ ಡೇಟಾ ಇಡೋ ವೇಗದ ಡ್ರೈವ್. ಅದೂ 1 ಟಿಬಿ. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಸೆಕೆಂಡಿಗೆ 3500 ಎಂಬಿ ಅಂತ ಇತ್ತು. ಪಕ್ಕದಲ್ಲೇ ಇರುವೆ ಗಾತ್ರದ ಅಕ್ಷರದಲ್ಲಿ ‘ವರೆಗೆ’ ಅಂತಲೂ ಇತ್ತು. ಆ ‘ವರೆಗೆ’ ಎಲ್ಲಿಯವರೆಗೆ ನೋಡೇ ಬಿಡೋಣ ಅಂತ ಕೂತವನಿಗೆ ಎರಡು ಭಾನುವಾರ ಹೋದವು. ಡ್ರೈವ್ ಅಳೆಯುತ್ತಿದ್ದೇನೆ ಅಂದುಕೊಂಡು ಮೊದಲು ಅಳೆದದ್ದು ರ‍್ಯಾಮನ್ನು. ಆಮೇಲೆ ಸ್ಲಾಟನ್ನು. ಅದಾದ ಮೇಲೆ ಒಂದು ಚಾರ್ಜಿಂಗ್ ಕೇಬಲನ್ನು. ಡ್ರೈವಿನ ಸರದಿ ಬಂದದ್ದು ಎಲ್ಲದಕ್ಕಿಂತ ಕೊನೆಗೆ.

ಮೊದಲ ಭಾನುವಾರ

ಲ್ಯಾಪ್‌ಟಾಪ್ ಮಗುಚಿ ಹಾಕಿದರೆ ತಳದಲ್ಲಿ 11 ಸ್ಕ್ರೂ. ನೋಡೋಕೆ ಎಲ್ಲಾ ಒಂದೇ ಥರ, ಬಿಚ್ಚಿದರೆ ಮೂರು ಅಳತೆ. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ಹಾಕಿ ಬಿಗಿದರೆ ಕೀಬೋರ್ಡ್ ಕಡೆಯ ಪ್ಲಾಸ್ಟಿಕ್ ಉಬ್ಬಿ ಬರುತ್ತೆ. ಅಡುಗೆಮನೆಯಿಂದ ಪಡ್ಡು ಹಂಚು ತಂದೆ. 12 ಗುಳಿ ಇರೋದು. ತಳದಲ್ಲಿ ಸ್ಕ್ರೂಗಳು ಇದ್ದ ಸಾಲಿಗೆ ಸರಿಯಾಗಿ ಒಂದೊಂದು ಗುಳಿಗೆ ಒಂದೊಂದು ಹಾಕುತ್ತಾ ಹೋದೆ. ಈ ಕೆಲಸಕ್ಕೆ ಇದಕ್ಕಿಂತ ಒಳ್ಳೆ ಸಾಧನ ನಾನು ನೋಡಿಲ್ಲ. “ರೀ, ಅದು ಎಣ್ಣೆ ಕುಡಿದಿರೋ ಹಂಚು, ಸ್ಕ್ರೂ ಎಲ್ಲಾ ಜಿಡ್ಡಾಗುತ್ತೆ” ಅಂತ ಹೆಂಡತಿ ಒಳಗಿಂದ ಕೂಗಿದಳು. ಅಷ್ಟೊತ್ತಿಗೆ ಆಗಿತ್ತು.

ಹಳೇ ಎಟಿಎಂ ಕಾರ್ಡನ್ನು ಸಂದಿಯಲ್ಲಿ ಆಡಿಸುತ್ತಾ ತಳದ ಮುಚ್ಚಳ ಎಬ್ಬಿಸಿದೆ. ಮೊದಲು ಬ್ಯಾಟರಿಯ ಕನೆಕ್ಟರ್ ಕೀಳಬೇಕು, ಇದನ್ನು ಮಾತ್ರ ಮರೆಯಬೇಡಿ. ಮೈಯಲ್ಲಿನ ಸ್ಟ್ಯಾಟಿಕ್ ಹೋಗಲಿ ಅಂತ ಸ್ಟೀಲ್ ಬೀರು ಮುಟ್ಟಿ ಬಂದು ಡ್ರೈವ್ ಕೈಗೆತ್ತಿಕೊಂಡೆ. ಚೂಯಿಂಗ್ ಗಮ್ ಪಟ್ಟಿಯಂತಿದೆ. 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ, ಅದಕ್ಕೇ ಈ ಅಳತೆಯನ್ನು 2280 ಅಂತಾರೆ. ಸ್ಲಾಟಿಗೆ ಓರೆಯಾಗಿ ತೂರಿಸಿದರೆ ಸ್ಪ್ರಿಂಗ್ ಹಾಕಿದ ಹಾಗೆ ತಲೆ ಎತ್ತಿ ನಿಲ್ಲುತ್ತೆ. ಒತ್ತಿ ಹಿಡಿದು ತುದಿಗೆ ಒಂದು ಸ್ಕ್ರೂ ಹಾಕಬೇಕು. ಆ ಸ್ಕ್ರೂ ಲ್ಯಾಪ್‌ಟಾಪಿನಲ್ಲೂ ಇಲ್ಲ, ಡ್ರೈವಿನ ಡಬ್ಬದಲ್ಲೂ ಇಲ್ಲ! ಎಂ2 ಅಳತೆಯ, 3 ಮಿ.ಮೀ. ಉದ್ದದ ಒಂದು ಚೂರು ಕಬ್ಬಿಣಕ್ಕೆ ಕೆಲಸ ನಿಂತಿತು. ಬೀದಿ ತುದಿಯ ಮೊಬೈಲ್ ರಿಪೇರಿ ಅಂಗಡಿ ಹುಡುಗ ತನ್ನ ಡಬ್ಬಿ ಕೆದಕಿ ಒಂದು ತೆಗೆದುಕೊಟ್ಟ. “ಇದಕ್ಕೇನು ದುಡ್ಡು ಅಣ್ಣ, ತಗೊಂಡ್ ಹೋಗಿ” ಅಂದ.

ಪರೀಕ್ಷೆಗೆ ವಿಂಡೋಸ್ ಬೇಡ ಅಂತ ಲಿನಕ್ಸ್ ಮಿಂಟ್ ಇರೋ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದೆ. ಮೊದಲ ಕೆಲಸ, ಡ್ರೈವ್ ನಿಜಕ್ಕೂ ಹೊಸದಾ ಅಂತ ನೋಡೋದು. ಪ್ರತಿ ಡ್ರೈವೂ ತನ್ನ ಜಾತಕವನ್ನು ತಾನೇ ಬರೆದಿಟ್ಟುಕೊಂಡಿರುತ್ತೆ. ಅದಕ್ಕೆ ಸ್ಮಾರ್ಟ್ ದಾಖಲೆ ಅಂತಾರೆ. ಎಷ್ಟು ಗಂಟೆ ಓಡಿದೆ, ಎಷ್ಟು ಸಲ ಆನ್ ಆಗಿದೆ, ಎಷ್ಟು ಬರೆದಿದೆ, ಎಲ್ಲಾ ಅದರಲ್ಲಿ ಸಿಗುತ್ತೆ. ಲಿನಕ್ಸ್‌ನಲ್ಲಿ ಎನ್‌ವಿಎಂಇ-ಸಿಎಲ್‌ಐ ಅನ್ನೋ ಸಲಕರಣೆ ಅದನ್ನು ಓದಿ ಹೇಳುತ್ತೆ, ವಿಂಡೋಸ್‌ನಲ್ಲಾದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ. ನನ್ನದರಲ್ಲಿ ಓಡಿದ ಗಂಟೆ 0, ಆನ್ ಆಗಿದ್ದು 2 ಸಲ. ಸಮಾಧಾನ ಆಯಿತು.

ಹಿಂದೆ ನಿಂತು ನೋಡುತ್ತಿದ್ದ ಮಗಳಿಗೆ ಸಮಾಧಾನ ಆಗಲಿಲ್ಲ. “ಅಪ್ಪಾ, 1000 ಜಿಬಿ ಅಂದ್ಯಲ್ಲ, ಇಲ್ಲಿ 931 ಅಂತಿದೆ. ಬಾಕಿದು ಅಂಗಡಿಯವರೇ ಇಟ್ಕೊಂಡ್ರಾ?” ಯಾರೂ ಇಟ್ಟುಕೊಂಡಿಲ್ಲ. ಮಾಡುವವರು ಸಾವಿರದ ಲೆಕ್ಕದಲ್ಲಿ ಮಾರುತ್ತಾರೆ, ಕಂಪ್ಯೂಟರ್ 1024ರ ಲೆಕ್ಕದಲ್ಲಿ ತೋರಿಸುತ್ತೆ. ಲಕ್ಷ ಕೋಟಿ ಬೈಟನ್ನು ಮೂರು ಸಲ 1024ರಿಂದ ಭಾಗಿಸಿದರೆ 931 ಬರುತ್ತೆ. ಕ್ಯಾಲ್ಕುಲೇಟರ್ ತಂದು ಭಾಗಿಸಿ ನೋಡಿಯೇ ನಂಬಿದಳು.

ಇನ್ನು ವೇಗ. ಲಿನಕ್ಸ್ ಬಳಸೋ ಎಲ್ಲರಿಗೂ ಗೊತ್ತಿರೋ, ಡೇಟಾ ನಕಲು ಮಾಡೋ ಡಿಡಿ ಕಮಾಂಡಿನಿಂದ ಶುರು ಮಾಡಿದೆ. ಬರೀ ಸೊನ್ನೆ ತುಂಬಿದ 512 ಎಂಬಿಯ ಒಂದು ಫೈಲ್ ಬರೆಸಿದೆ. ಸೆಕೆಂಡಿಗೆ 2 ಜಿಬಿ ಅಂತು. ಪರವಾಗಿಲ್ವೇ! ಹೋಲಿಕೆಗೆ ಇರಲಿ ಅಂತ ಹಳೇ ಹಾರ್ಡ್ ಡಿಸ್ಕ್ ಮೇಲೂ ಅದೇ ಕಮಾಂಡ್ ಓಡಿಸಿದೆ. ಅಲ್ಲಿ 1.9 ಜಿಬಿ.

ಎರಡು ನಿಮಿಷ ಸುಮ್ನೆ ಕೂತೆ. ತಟ್ಟೆ ತಿರುಗಿಸೋ ಹಾರ್ಡ್ ಡಿಸ್ಕ್ ಅಷ್ಟು ವೇಗವಾಗಿದ್ದರೆ ನಾನು ಎಸ್‌ಪಿ ರೋಡಿಗೆ ಯಾಕೆ ಹೋಗುತ್ತಿದ್ದೆ? ಆಗಿದ್ದು ಇಷ್ಟು. ಫೈಲ್ ಬರೆ ಅಂದಾಗ ಆಪರೇಟಿಂಗ್ ಸಿಸ್ಟಮ್ ಅದನ್ನು ಮೊದಲು ರ‍್ಯಾಮಿನಲ್ಲಿ ಇಟ್ಟುಕೊಂಡು ‘ಬರೆದಾಯ್ತು’ ಅಂತ ಹೇಳಿಬಿಡುತ್ತೆ. ಡಿಸ್ಕಿಗೆ ಆಮೇಲೆ ನಿಧಾನಕ್ಕೆ ಇಳಿಸುತ್ತೆ. ಎರಡು ಸಲವೂ ನಾನು ಅಳೆದದ್ದು ಒಂದೇ ರ‍್ಯಾಮನ್ನು. ಓದುವಾಗಲೂ ಹಾಗೇ. ಒಂದು ಸಲ ಓದಿದ ಫೈಲ್ ರ‍್ಯಾಮಿನಲ್ಲೇ ಉಳಿದಿರುತ್ತೆ, ಎರಡನೇ ಸಲ ಡಿಸ್ಕನ್ನು ಯಾರೂ ಕೇಳೋದೇ ಇಲ್ಲ. ‘ಡೈರೆಕ್ಟ್’ ಅನ್ನೋ ಫ್ಲ್ಯಾಗ್ ಹಾಕಿ, ಮಧ್ಯದ ಈ ದಲ್ಲಾಳಿಯನ್ನು ಬಿಟ್ಟು ಮತ್ತೆ ಓಡಿಸಿದೆ. ಹಾರ್ಡ್ ಡಿಸ್ಕ್ 104 ಎಂಬಿಗೆ ಬಂತು. ಅದು ಅದರ ನಿಜವಾದ ಯೋಗ್ಯತೆ.

ಸೊನ್ನೆ ಬರೆಸೋದರಲ್ಲೂ ಒಂದು ತೊಡಕಿದೆ. ಕೆಲವು ಹಳೇ ಎಸ್‌ಎಸ್‌ಡಿ ಕಂಟ್ರೋಲರ್‌ಗಳು ಬಂದ ಡೇಟಾವನ್ನು ಹಿಂಡಿ ಚಿಕ್ಕದು ಮಾಡಿ ಬರೆಯುತ್ತಿದ್ದವು. ಸೊನ್ನೆಗಳ ರಾಶಿ ಹಿಂಡಿದರೆ ಉಳಿಯೋದೇನು? ಅಂಥ ಡ್ರೈವ್‌ನಲ್ಲಿ ಸುಳ್ಳು ವೇಗ ಕಾಣುತ್ತಿತ್ತು. ಹಾಗಂತ ಡಿಡಿಗೆ ಕಲಸಿದ ಡೇಟಾ ಕೊಡೋಕೆ ಹೋದರೆ, ಅದನ್ನು ತಯಾರಿಸೋದರಲ್ಲೇ ಪ್ರೊಸೆಸರ್ ಸುಸ್ತಾಗಿ ವೇಗ ಬಿದ್ದುಹೋಗುತ್ತೆ. ಡಿಡಿಯ ಸಹವಾಸ ಬಿಟ್ಟು ಎಫ್‌ಐಓ ಅನ್ನೋ, ಡಿಸ್ಕಿನ ವೇಗ ಅಳೆಯೋ ಪ್ರೋಗ್ರಾಂ ಹಾಕಿಕೊಂಡೆ. ಲಿನಕ್ಸ್ ಕರ್ನಲ್‌ನ ಡಿಸ್ಕ್ ಭಾಗ ನೋಡಿಕೊಳ್ಳುವ ಯೆನ್ಸ್ ಆಕ್ಸ್‌ಬೋ ಬರೆದದ್ದು. ಬ್ಲಾಕ್ ಎಷ್ಟು ದೊಡ್ಡದು, ಒಟ್ಟಿಗೆ ಎಷ್ಟು ಕೋರಿಕೆ ಕಳಿಸಬೇಕು, ಸಾಲಾಗಿ ಓದಬೇಕಾ ಚದುರಿಸಿ ಓದಬೇಕಾ, ಎಲ್ಲಾ ನಾವೇ ಹೇಳಬಹುದು. ಒಂದೇ ಎಚ್ಚರಿಕೆ, ಎಫ್‌ಐಓಗೆ ಫೈಲಿನ ಬದಲು ನೇರ ಡ್ರೈವಿನ ಹೆಸರು ಕೊಟ್ಟು ‘ಬರೆ’ ಅಂದರೆ ಒಳಗಿರೋದನ್ನೆಲ್ಲ ಕೇಳದೆ ಅಳಿಸಿ ಬರೆಯುತ್ತೆ.

8 ಜಿಬಿ ಫೈಲ್, 1 ಎಂಬಿ ಬ್ಲಾಕ್, ಒಟ್ಟಿಗೆ 8 ಕೋರಿಕೆ. ಡಬ್ಬದ ಮೇಲಿನ ಅಂಕಿ ಬರೋದೂ ಹೆಚ್ಚುಕಮ್ಮಿ ಇಂಥ ಪರೀಕ್ಷೆಯಿಂದಲೇ. ಓದುವುದು 1720 ಎಂಬಿ, ಬರೆಯುವುದು 1610.

3500ರಲ್ಲಿ ಸರಿಸುಮಾರು ಅರ್ಧ. ಸ್ವಲ್ಪ ಕಮ್ಮಿ ಬಂದಿದ್ದರೆ ಡ್ರೈವನ್ನು ಬೈದುಕೊಂಡು ಬಿಡುತ್ತಿದ್ದೆ. ಹೀಗೆ ಅಳೆದಿಟ್ಟ ಹಾಗೆ ಅರ್ಧ ಬಂದರೆ ಎಲ್ಲೋ ಯಾವುದೋ ಎರಡು ಭಾಗ ಆಗಿದೆ ಅಂತ ಅರ್ಥ. ಒಳಗೆ ಯಾವ ಸಾಧನ ಹೇಗೆ ಜೋಡಿಸಿದೆ ಅಂತ ತೋರಿಸೋ ಎಲ್‌ಎಸ್‌ಪಿಸಿಐ ಕಮಾಂಡ್‌ಗೆ ವಿವರವಾಗಿ ಹೇಳು ಅಂದೆ. ಉದ್ದದ ಉತ್ತರದ ನಡುವೆ ಎರಡು ಸಾಲು ಸಿಕ್ಕಿದವು. ಡ್ರೈವಿನ ಸಾಮರ್ಥ್ಯ 8 ಜಿಟಿ (ಒಂದೊಂದು ಲೇನಿನ ವೇಗ), 4 ಲೇನ್ (ಡೇಟಾ ಓಡಾಡೋ ಪಥ). ಈಗ ಸಿಕ್ಕಿರೋದು 8 ಜಿಟಿ, 2 ಲೇನ್. ಪಕ್ಕದಲ್ಲೇ ‘ಡೌನ್‌ಗ್ರೇಡೆಡ್’ ಅನ್ನೋ ಷರಾ.

ನಾಲ್ಕು ಪಥದಲ್ಲಿ ಓಡೋ ಲಾರಿಯನ್ನು ತಂದು ಎರಡು ಪಥದ ರಸ್ತೆಗೆ ಬಿಟ್ಟಿದ್ದೆ. ಈ ರಸ್ತೆಗೆ ಪಿಸಿಐಇ ಅಂತಾರೆ, ಅದರ ಮೂರನೇ ತಲೆಮಾರಿನಲ್ಲಿ ಒಂದು ಲೇನ್‌ನಲ್ಲಿ ಸೆಕೆಂಡಿಗೆ ಸುಮಾರು 985 ಎಂಬಿ ಹೋಗುತ್ತೆ. ಎರಡಕ್ಕೆ 1970. ಪ್ರತಿ ಪೊಟ್ಟಣಕ್ಕೂ ವಿಳಾಸ, ಲೆಕ್ಕ ಅಂತ ಒಂದಿಷ್ಟು ಹೋಗುತ್ತೆ, ಉಳಿದದ್ದು ಸಾವಿರದ ಏಳುನೂರು ಚಿಲ್ಲರೆ. ಲೆಕ್ಕ ಸರಿಹೋಯಿತು. ಲ್ಯಾಪ್‌ಟಾಪ್ ಮಾಡಿದವರು ಆ ಸ್ಲಾಟಿಗೆ ಎರಡೇ ಲೇನ್ ಎಳೆದಿದ್ದಾರೆ. ಕೊಂಡಾಗ ಕೊಟ್ಟ ಕಾಗದದಲ್ಲಿ ಇದರ ಸುದ್ದಿಯೇ ಇಲ್ಲ.

ಆದರೂ ಖಾತ್ರಿ ಬೇಕಲ್ಲ. ಅದೇ ದಿನ ಸಂಜೆ ಡ್ರೈವ್ ಬಿಚ್ಚಿ ಅಕ್ಕನ ಮನೆಗೆ ತಗೊಂಡು ಹೋದೆ. ಅಕ್ಕನ ಮಗನ ಹತ್ತಿರ ಗೇಮ್ ಆಡೋ ಡೆಸ್ಕ್‌ಟಾಪ್ ಇದೆ, ಕೆಂಪು ನೀಲಿ ಲೈಟು ಹಾಕಿ ಗಣಪತಿ ಪೆಂಡಾಲಿನ ಹಾಗೆ ಇಟ್ಟಿದ್ದಾನೆ. ಅವನು ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಮಾರ್ಕ್ ಅನ್ನೋ ವೇಗ ಅಳೆಯೋ ಪ್ರೋಗ್ರಾಂ ಓಡಿಸಿದ. 3460. “ಮಾಮ, ಡ್ರೈವ್ ಮಸ್ತ್ ಇದೆ. ನಿಮ್ ಲ್ಯಾಪ್‌ಟಾಪನ್ನೇ ಗುಜರಿಗೆ ಹಾಕಿ” ಅಂದ.

ಗುಜರಿಗೆ ಹಾಕೋ ಮೊದಲು ಇನ್ನೊಂದು ಅಂಕಿ ನೋಡಬೇಕಿತ್ತು. ನನ್ನ ಮಟ್ಟಿಗೆ ಇಡೀ ಪರೀಕ್ಷೆಯಲ್ಲಿ ಕೆಲಸಕ್ಕೆ ಬರೋ ಅಂಕಿ ಅದೊಂದೇ. 4 ಕೆಬಿಯ ಚಿಕ್ಕ ಚಿಕ್ಕ ತುಂಡುಗಳನ್ನು ಒಂದಾದ ಮೇಲೆ ಒಂದರಂತೆ, ಎಲ್ಲೆಲ್ಲಿಂದಲೋ ಚದುರಿಸಿ ಓದುವುದು. ವಿಂಡೋಸ್ ಏಳುವಾಗ, ಬ್ರೌಸರ್ ತೆರೆಯುವಾಗ ಡಿಸ್ಕಿಗೆ ಬೀಳೋ ಕೆಲಸ ಬಹುಪಾಲು ಇಂಥದ್ದೇ. ಒಂದು ಮೂಟೆ ಮಂಡಕ್ಕಿಯನ್ನು ಅಂಗಡಿಯಿಂದ ಹೊತ್ತು ತರೋದು ಬೇರೆ, ಸಾವಿರ ಮನೆ ಬಾಗಿಲು ತಟ್ಟಿ ಒಂದೊಂದು ಹಿಡಿ ಮಂಡಕ್ಕಿ ಇಸ್ಕೊಂಡು ಬರೋದು ಬೇರೆ ಅಲ್ವಾ?

ಹಾರ್ಡ್ ಡಿಸ್ಕ್ ಈ ಆಟದಲ್ಲಿ ಸೆಕೆಂಡಿಗೆ 78 ತುಂಡು ತಂದಿತು. ಅಂದರೆ 0.32 ಎಂಬಿ. ಹೌದು, ಒಂದು ಎಂಬಿಯ ಮೂರನೇ ಒಂದು ಭಾಗ. ಅದರ ತಪ್ಪೇನಿಲ್ಲ. ನಿಮಿಷಕ್ಕೆ 5400 ಸುತ್ತು ತಿರುಗೋ ತಟ್ಟೆ ಒಂದು ಸುತ್ತು ಬರೋಕೆ 11 ಮಿಲಿಸೆಕೆಂಡ್ ಬೇಕು. ಬೇಕಾದ ಜಾಗ ಓದೋ ಮುಳ್ಳಿನ ಕೆಳಗೆ ಬರೋಕೆ ಸರಾಸರಿ ಅರ್ಧ ಸುತ್ತು ಕಾಯಬೇಕು. ಮುಳ್ಳು ಅತ್ತಿತ್ತ ಓಡಾಡೋ ಹೊತ್ತು ಬೇರೆ. ಎಸ್‌ಎಸ್‌ಡಿಯಲ್ಲಿ ತಿರುಗೋದೇ ಇಲ್ಲ. ಅದು ಸೆಕೆಂಡಿಗೆ 12,700 ತುಂಡು ತಂದಿತು, 52 ಎಂಬಿ. ಸಾಲಾಗಿ ಓದುವುದರಲ್ಲಿ ಎರಡರ ನಡುವೆ ಹದಿನಾರು ಪಟ್ಟು ವ್ಯತ್ಯಾಸ ಇದ್ದರೆ, ಇಲ್ಲಿ ನೂರಾ ಅರವತ್ತು ಪಟ್ಟು!

ಅಳಿಯನ ಡೆಸ್ಕ್‌ಟಾಪಿನಲ್ಲಿ ಇದೇ ಅಂಕಿ ಎಷ್ಟು ಬಂತು ಗೊತ್ತಾ? 58. ನಾಲ್ಕು ಲೇನ್ ಇದ್ದೂ 58, ಎರಡೇ ಇದ್ದೂ 52. ಒಂದು ಹಿಡಿ ಮಂಡಕ್ಕಿ ತರೋಕೆ ರಸ್ತೆ ಎಷ್ಟು ಅಗಲ ಇದ್ದರೇನು. ಗುಜರಿ ವಿಷಯ ಅಲ್ಲಿಗೆ ಬಿಟ್ಟೆ.

ಎರಡನೇ ಭಾನುವಾರ

ಮದುವೆ ಸೀಸನ್ ಶುರುವಾಗಿತ್ತು. ಭಾಮೈದ ಎರಡು ದಿನದ ಮದುವೆಯ 180 ಜಿಬಿ ವಿಡಿಯೋವನ್ನು ಪೋರ್ಟಬಲ್ ಹಾರ್ಡ್ ಡಿಸ್ಕಿನಲ್ಲಿ ತಂದುಕೊಟ್ಟಿದ್ದ. ನಿಜವಾದ ಕೆಲಸದಿಂದಲೇ ಪರೀಕ್ಷೆ ಆಗಲಿ ಅಂತ ಹೊಸ ಡ್ರೈವಿಗೆ ಕಾಪಿ ಹಾಕಿದೆ. ಸೆಕೆಂಡಿಗೆ 38 ಎಂಬಿ. ಹಳೇ ಡಿಸ್ಕೇ ಇದಕ್ಕಿಂತ ವಾಸಿ ಅನ್ನಿಸಿತು.

ಈ ಸಲ ನಾನು ಸ್ವಲ್ಪ ಹುಷಾರಾಗಿದ್ದೆ. 38, 40 ಅಂದರೆ ಹಳೇ ತಲೆಮಾರಿನ ಯುಎಸ್‌ಬಿ 2ರ ಗುರುತು. ಎಲ್‌ಎಸ್‌ಯುಎಸ್‌ಬಿ ಕಮಾಂಡ್‌ನಲ್ಲಿ ನೋಡಿದರೆ ಆ ಡಿಸ್ಕಿನ ಎದುರು 480 ಎಂ ಅಂತ ಇತ್ತು, ಅಂದರೆ ಸೆಕೆಂಡಿಗೆ 480 ಮೆಗಾಬಿಟ್. 5000 ಎಂ ಇರಬೇಕಿತ್ತು. ಪೋರ್ಟ್ ಸರಿ ಇತ್ತು, ಡಿಸ್ಕೂ ಸರಿ ಇತ್ತು. ಡಿಸ್ಕಿನ ಜೊತೆ ಬಂದ ಕೇಬಲ್ ಎಲ್ಲೋ ಕಳೆದುಹೋಗಿ, ಭಾಮೈದ ಫೋನ್ ಚಾರ್ಜ್ ಮಾಡೋ ಟೈಪ್-ಸಿ ಕೇಬಲ್ ಸಿಗಿಸಿ ಕೊಟ್ಟಿದ್ದ. ಎರಡು ತುದಿ ನೋಡಿದರೆ ಒಂದೇ ಥರ. ಒಳಗೆ ಮಾತ್ರ ಚಾರ್ಜಿನ ತಂತಿ ಜೊತೆಗೆ ಯುಎಸ್‌ಬಿ 2ರ ಎರಡು ತಂತಿ, ಅಷ್ಟೇ. ವೇಗದ ಡೇಟಾಕ್ಕೆ ಬೇಕಾದ ಬೇರೆ ಜೋಡಿಗಳು ಅದರಲ್ಲಿ ಇರೋದೇ ಇಲ್ಲ. ಸರಿಯಾದ ಕೇಬಲ್ ಹುಡುಕಿ ಹಾಕಿದ ಮೇಲೆ 112ಕ್ಕೆ ಏರಿತು. ಅಲ್ಲಿಗೆ ನಿಂತಿತು, ಯಾಕೆಂದರೆ ಅದು ಆ ಪೋರ್ಟಬಲ್ ಡಿಸ್ಕಿನ ಮಿತಿ. ಹೊಸ ಡ್ರೈವ್ ಕೈಕಟ್ಟಿ ಕಾಯುತ್ತಾ ಕೂತಿತ್ತು.

ಹಾಗಾದರೆ ಡ್ರೈವನ್ನು ಮಾತ್ರ ದಣಿಸಬೇಕು, ಡೇಟಾ ಹೊರಗಿಂದ ಬರಬಾರದು. ಕಾಪಿಯನ್ನು ಅಷ್ಟಕ್ಕೇ ನಿಲ್ಲಿಸಿ, ವಿಡಿಯೋವನ್ನು ಹಳೇ ಡಿಸ್ಕಿನಲ್ಲಿ ಭದ್ರ ಮಾಡಿ, ಹೊಸದನ್ನು ಪೂರ್ತಿ ಖಾಲಿ ಮಾಡಿ, ಎಫ್‌ಐಓಗೆ ಒಂದೇ ಸಮನೆ 200 ಜಿಬಿ ಬರೆ ಅಂದೆ. ಸೆಕೆಂಡಿಗೊಂದು ಸಲ ವೇಗ ದಾಖಲಾಗಲಿ, ಪಕ್ಕದ ಕಿಟಕಿಯಲ್ಲಿ ಡ್ರೈವಿನ ಉಷ್ಣತೆ ಕಾಣಲಿ ಅಂತ ಏರ್ಪಾಡು ಮಾಡಿಕೊಂಡೆ. ಮುಚ್ಚಳ ಹಾಕಿತ್ತು. ಹೊರಗೆ ದಾವಣಗೆರೆಯ ಏಪ್ರಿಲ್ ಬಿಸಿಲು, ಮಧ್ಯಾಹ್ನ ಎರಡು ಗಂಟೆ.

ಮುಕ್ಕಾಲು ನಿಮಿಷ 1600ರ ಆಸುಪಾಸಿನಲ್ಲಿ ಓಡಿತು. 72 ಜಿಬಿ ಆಗುತ್ತಿದ್ದ ಹಾಗೆ ಬಾವಿಗೆ ಬಿದ್ದಂತೆ 480ಕ್ಕೆ ಇಳಿಯಿತು. ಉಷ್ಣತೆ ಆಗ 63. ಇನ್ನೂ ಒಂದೂಕಾಲು ನಿಮಿಷ ಕಳೆದು 110 ಜಿಬಿ ಹತ್ತಿರ ಉಷ್ಣತೆ 80 ಮುಟ್ಟಿತು, ವೇಗ ಮತ್ತೆ ಕುಸಿದು 210ಕ್ಕೆ ಬಂತು.

ಎರಡು ಸಲ ಬಿದ್ದಿದೆ. ಕಾರಣ ಒಂದೋ, ಎರಡೋ?

ಮೊದಲ ಬೀಳಿನ ಮೇಲೆ ನನಗೆ ಅನುಮಾನ ಇದ್ದೇ ಇತ್ತು. ಇದು ಟಿಎಲ್‌ಸಿ ಡ್ರೈವ್, ಒಂದೊಂದು ಕೋಶದಲ್ಲಿ ಮೂರು ಬಿಟ್ ತುಂಬುತ್ತೆ. ಮೂರು ಬಿಟ್ ಅಂದರೆ ಎಂಟು ಬೇರೆ ಬೇರೆ ಮಟ್ಟದಲ್ಲಿ ಚಾರ್ಜ್ ಕೂರಿಸಬೇಕು, ನಾಜೂಕಿನ ಕೆಲಸ, ನಿಧಾನ. ಅದಕ್ಕೇ ಡ್ರೈವ್ ಒಂದು ಉಪಾಯ ಮಾಡುತ್ತೆ. ಖಾಲಿ ಕೋಶಗಳಲ್ಲಿ ಒಂದಿಷ್ಟನ್ನು ತಾತ್ಕಾಲಿಕವಾಗಿ ಒಂದೇ ಬಿಟ್‌ಗೆ ಬಳಸಿ ಬರಬರ ಬರೆದು ಬಿಡುತ್ತೆ. ಬಿಡುವಾದಾಗ ಅದನ್ನೇ ಮೂರು ಬಿಟ್ ಲೆಕ್ಕದಲ್ಲಿ ಅಚ್ಚುಕಟ್ಟಾಗಿ ಜೋಡಿಸಿಟ್ಟುಕೊಳ್ಳುತ್ತೆ. ಹಬ್ಬದ ದಿನ ನೆಂಟರ ಬ್ಯಾಗನ್ನೆಲ್ಲ ಹಜಾರದಲ್ಲಿ ರಾಶಿ ಹಾಕಿ ರಾತ್ರಿ ಬೀರುವಿಗೆ ಎತ್ತಿಡುತ್ತೇವಲ್ಲ, ಹಾಗೆ. ಎಸ್‌ಎಲ್‌ಸಿ ಕ್ಯಾಶ್ ಅನ್ನೋದು ಆ ಹಜಾರ. ನನ್ನ ಡ್ರೈವಿನ ಹಜಾರ 72 ಜಿಬಿಗೆ ತುಂಬುತ್ತೆ.

ಎರಡನೇ ಬೀಳು ಬಿಸಿಯದ್ದಿರಬೇಕು. ಡ್ರೈವ್ ತನ್ನ ಎಚ್ಚರಿಕೆಯ ಮಟ್ಟವನ್ನು ತಾನೇ ಹೇಳುತ್ತೆ. ಕೇಳಿದರೆ 353 ಅಂತು. ಒಂದು ಕ್ಷಣ ಎದೆ ಧಸಕ್ ಅಂತು, ಅದು ಕೆಲ್ವಿನ್. 273 ಕಳೆದರೆ 80 ಡಿಗ್ರಿ.

ಫೈಲ್ ಅಳಿಸಿ, ಟ್ರಿಮ್ ಕೊಟ್ಟು ಅರ್ಧ ಗಂಟೆ ಬಿಟ್ಟೆ. ಟ್ರಿಮ್ ಅಂದರೆ ‘ಈ ಜಾಗ ಇನ್ನು ಖಾಲಿ’ ಅಂತ ಡ್ರೈವಿಗೆ ತಿಳಿಸೋದು. ಫೈಲ್ ಅಳಿಸಿದ ಸುದ್ದಿ ತಾನಾಗಿ ಅದಕ್ಕೆ ಮುಟ್ಟಲ್ಲ. ಆಮೇಲೆ ಮುಚ್ಚಳ ತೆಗೆದು, ಲ್ಯಾಪ್‌ಟಾಪನ್ನು ಗುಡಾರದ ಹಾಗೆ ನಿಲ್ಲಿಸಿ, ಟೇಬಲ್ ಫ್ಯಾನ್ ಗಾಳಿ ನೇರ ಡ್ರೈವಿಗೆ ಬೀಳೋ ಹಾಗೆ ಇಟ್ಟು ಮತ್ತೆ 200 ಜಿಬಿ ಓಡಿಸಿದೆ. ಮೊದಲ ಬೀಳು ಅದೇ 72 ಜಿಬಿಗೆ ಬಂತು, ಒಂದು ಜಿಬಿಯೂ ಆಚೀಚೆ ಇಲ್ಲ. ಉಷ್ಣತೆ ಮಾತ್ರ 57 ದಾಟಲಿಲ್ಲ. 100 ಜಿಬಿ, 105, 110, ವೇಗ 480ರಲ್ಲೇ ಗಟ್ಟಿ ನಿಂತಿದೆ. ಆಗ ಕರೆಂಟ್ ಹೋಯಿತು.

ಬೈಯೋಕೆ ಬಾಯಿ ತೆಗೆದವನು ಹಾಗೇ ನಿಂತೆ. ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಬರೆಯುತ್ತಲೇ ಇದೆ. ನಿಂತಿದ್ದು ಫ್ಯಾನ್ ಮಾತ್ರ. ಉಷ್ಣತೆ 57, 61, 66 ಅಂತ ಏರತೊಡಗಿತು. ನಾನು ಬೆವರೊರೆಸಿಕೊಳ್ಳುತ್ತಾ ಅಂಕಿ ಬರೆದುಕೊಂಡೆ. 168 ಜಿಬಿ ಹತ್ತಿರ 80 ಮುಟ್ಟಿತು, ವೇಗ ಮತ್ತೆ 210. ಇಷ್ಟು ಚೆನ್ನಾಗಿ ನಾನೇ ಯೋಚಿಸಿ ಮಾಡಿದ್ದರೂ ಆಗುತ್ತಿರಲಿಲ್ಲ.

ಅಳಿಯನಿಗೆ ಫೋನಿನಲ್ಲಿ ಹೇಳಿದರೆ ತಕ್ಷಣ ತಕರಾರು ತೆಗೆದ. “ಮಾಮ, ಬ್ಯಾಟರಿ ಮೇಲೆ ಇದ್ದಾಗ ಲ್ಯಾಪ್‌ಟಾಪೇ ನಿಧಾನ ಆಗಿರಬಹುದಲ್ಲ?” ಒಳ್ಳೆ ಪ್ರಶ್ನೆ. ಉತ್ತರ ಸ್ಮಾರ್ಟ್ ದಾಖಲೆಯಲ್ಲೇ ಇತ್ತು. ಎಚ್ಚರಿಕೆಯ ಮಟ್ಟಕ್ಕಿಂತ ಮೇಲೆ ಎಷ್ಟು ನಿಮಿಷ ಕಳೆದೆ ಅಂತ ಡ್ರೈವ್ ಎಣಿಸುತ್ತೆ. ಕೊಂಡಾಗ 0 ಇತ್ತು, ಮೊದಲ ಓಟದ ಮೇಲೆ 5, ಈಗ 7. ಬಿಸಿಯೂ ವೇಗ ಇಳಿದದ್ದೂ ಎರಡು ಸಲವೂ ಜೊತೆಗೇ ಬಂದಿವೆ. ಅವನೂ ಒಪ್ಪಿಕೊಂಡ.

ಮುಂದಿನದು ಡ್ರೈವ್ ತುಂಬಿದ್ದಾಗ ಏನಾಗುತ್ತೆ ಅನ್ನೋದು. ತುಂಬಿಸೋಕೆ ಎಫ್3 ಅನ್ನೋ ಪ್ರೋಗ್ರಾಂ ಬಳಸಿದೆ, ಒಂದೇ ಕಲ್ಲಿಗೆ ಎರಡು ಹಣ್ಣು. ಅದು ಗುರುತಿರೋ ಡೇಟಾ ಬರೆದು, ಮತ್ತೆ ಓದಿ ತಾಳೆ ನೋಡುತ್ತೆ. ಒಳಗೆ 64 ಜಿಬಿ ಇಟ್ಟು ಹೊರಗೆ 1 ಟಿಬಿ ಅಂತ ಬರೆದ ನಕಲಿ ಮಾಲು ಇಲ್ಲಿ ಸಿಕ್ಕಿಬೀಳುತ್ತೆ. 780 ಜಿಬಿ ಬರೆಯಿತು, ಅಷ್ಟೂ ಸರಿಯಾಗಿ ವಾಪಸ್ ಓದಿತು. ಆ ತುಂಬಿದ ಡ್ರೈವಿನ ಮೇಲೆ 100 ಜಿಬಿ ಬರೆಸಿದರೆ 14 ಜಿಬಿಗೇ ವೇಗ ಕುಸಿಯಿತು. ಮನೆ ತುಂಬ ಸಾಮಾನಾದರೆ ಹಜಾರ ಚಿಕ್ಕದಾಗಲೇಬೇಕಲ್ಲ. ಕ್ರಿಸ್ಟಲ್‌ಡಿಸ್ಕ್‌ಮಾರ್ಕ್ ಸುಮ್ನೆ ಇಟ್ಟ ಹಾಗೆ ಓಡಿಸಿದರೆ ಪರೀಕ್ಷೆಯ ಗಾತ್ರ 1 ಜಿಬಿ. ಅದು ಯಾವತ್ತೂ ಹಜಾರ ದಾಟಿ ಒಳಗೆ ಬರೋದೇ ಇಲ್ಲ. ಅಗ್ಗದ ಡ್ರೈವೂ ದುಬಾರಿ ಡ್ರೈವೂ ಅದರಲ್ಲಿ ಅಣ್ಣತಮ್ಮಂದಿರ ಹಾಗೆ ಕಾಣೋದು ಇದಕ್ಕೇ.

ಬಿಸಿಗೆ ಏನಾದರೂ ಮಾಡಬಹುದಿತ್ತು. ನನ್ನ ಲ್ಯಾಪ್‌ಟಾಪಿನ ತಳದ ಮುಚ್ಚಳಕ್ಕೆ ಒಳಗಡೆ ತೆಳುವಾದ ಅಲ್ಯುಮಿನಿಯಂ ತಗಡು ಅಂಟಿಸಿದ್ದಾರೆ. ಡ್ರೈವಿಗೂ ಆ ತಗಡಿಗೂ ನಡುವೆ ಥರ್ಮಲ್ ಪ್ಯಾಡ್ ಇಟ್ಟರೆ ಬಿಸಿ ಅತ್ತ ಹೋಗುತ್ತೆ. ಪ್ಯಾಡ್ ಎಷ್ಟು ದಪ್ಪ ಇರಬೇಕು? ಕಮ್ಮಿ ಆದರೆ ತಾಗಲ್ಲ, ಜಾಸ್ತಿ ಆದರೆ ಒತ್ತಿ ಡ್ರೈವ್ ಬಾಗುತ್ತೆ. ಹೆಂಡತಿ ಚಪಾತಿ ಹಿಟ್ಟು ನಾದುತ್ತಿದ್ದಳು. ಕಡಲೆಕಾಳಿನಷ್ಟು ಹಿಟ್ಟು ಇಸ್ಕೊಂಡು, ತೊಳೆದು ಒಣಗಿಸಿದ ಹಾಲಿನ ಪ್ಯಾಕೆಟ್ಟಿನ ಚೂರಿನಲ್ಲಿ ಸುತ್ತಿದೆ. ಬ್ಯಾಟರಿ ಕಿತ್ತು, ಅದನ್ನು ಡ್ರೈವಿನ ಚಿಪ್ ಮೇಲಿಟ್ಟು, ಮುಚ್ಚಳ ಮುಚ್ಚಿ ಮೂಲೆಗಳನ್ನು ಒತ್ತಿದೆ. ತೆಗೆದು ನೋಡಿದರೆ ಉಂಡೆ ಹಪ್ಪಳವಾಗಿತ್ತು. ಬ್ಲೇಡಿನಿಂದ ಅರ್ಧ ಕತ್ತರಿಸಿ ಸ್ಟೀಲ್ ಸ್ಕೇಲ್ ಹಿಡಿದೆ. ಒಂದೂವರೆ ಮಿ.ಮೀ. ಅದೇ ದಪ್ಪದ ಪ್ಯಾಡ್ ತರಿಸಿ, ಎರಡೂ ಕಡೆಯ ಪ್ಲಾಸ್ಟಿಕ್ ಹಾಳೆ ಸುಲಿದು ಇಟ್ಟೆ. ಆ ಹಾಳೆ ಸುಲಿಯದೇ ಇಡೋರೂ ಇದ್ದಾರೆ, ನಾನೂ ಒಂದು ಕಾಲದಲ್ಲಿ ಇಟ್ಟವನೇ.

ಪ್ಯಾಡ್ ಬಂದ ಮೇಲೆ ಎಲ್ಲಾ ಅಳಿಸಿ, ಟ್ರಿಮ್ ಕೊಟ್ಟು, ಮುಚ್ಚಳ ಹಾಕಿ, ಮಧ್ಯಾಹ್ನದ ಅದೇ ಬಿಸಿಲಿನ ಹೊತ್ತಿಗೆ ಕೊನೆಯ 200 ಜಿಬಿ. ಉಷ್ಣತೆ 71ಕ್ಕೆ ನಿಂತಿತು. ಎರಡನೇ ಬೀಳು ಬರಲೇ ಇಲ್ಲ. ತಳ ಮಾತ್ರ ತೊಡೆ ಮೇಲೆ ಇಟ್ಟುಕೊಳ್ಳೋಕೆ ಆಗದಷ್ಟು ಬಿಸಿ. ಬಿಸಿ ಎಲ್ಲಿಗಾದರೂ ಹೋಗಲೇಬೇಕಲ್ಲ.

“ಇಷ್ಟೆಲ್ಲ ಬರೆದು ಅಳಿಸಿ ಹೊಸದನ್ನೇ ಸವೆಸಿಬಿಟ್ರಲ್ಲ” ಅಂದಳು ಹೆಂಡತಿ. ನೋಡಿದೆ. ಬರೆದ ಲೆಕ್ಕದಲ್ಲಿ 29,49,000 ಯೂನಿಟ್ ಚಿಲ್ಲರೆ ಇತ್ತು. ಒಂದು ಯೂನಿಟ್ ಅಂದರೆ 5,12,000 ಬೈಟ್, ಒಟ್ಟು ಒಂದೂವರೆ ಟಿಬಿ. ವಾರಂಟಿ ಇರೋದು 600 ಟಿಬಿ ಬರೆಯುವವರೆಗೆ. ಕಾಲು ಪರ್ಸೆಂಟ್ ಹೋಗಿದೆ. ಅವಳಿಗೆ ಅದೂ ಜಾಸ್ತಿ ಅನ್ನಿಸಿತು.

ವಿಂಡೋಸ್ ಹೊಸದಾಗಿ ಹಾಕಿದೆ. ಬಟನ್ ಒತ್ತಿದಲ್ಲಿಂದ ಬ್ರೌಸರ್ ತೆರೆಯೋವರೆಗೆ 19 ಸೆಕೆಂಡ್, ಗಡಿಯಾರ ಹಿಡಿದೇ ನೋಡಿದ್ದು. ಹಳೇ ಡಿಸ್ಕಿನಲ್ಲಿ ಸುಮಾರು ಎರಡು ನಿಮಿಷ ಹಿಡಿಯುತ್ತಿತ್ತು. ಮದುವೆ ವಿಡಿಯೋ ಈಗಲೂ 112ರಲ್ಲೇ ಇಳಿಯುತ್ತೆ, ಆ ವೇಗಕ್ಕೆ ಹಜಾರ ತುಂಬೋ ಪ್ರಶ್ನೆಯೇ ಬರಲ್ಲ. ಎಡಿಟ್ ಮಾಡುವಾಗ ಹಿಂದೆ ಮುಂದೆ ಎಳೆದರೆ ಚಿತ್ರ ತಕ್ಷಣ ಬರುತ್ತೆ. ಮೊದಲು ಮುಹೂರ್ತದ ಜಾಗ ಹುಡುಕೋದರಲ್ಲೇ ಒಂದು ಲೋಟ ಚಹಾ ಮುಗಿಯುತ್ತಿತ್ತು.

ಮುಚ್ಚಳ ಕೊನೆಯ ಸಲ ಮುಚ್ಚೋ ಮೊದಲು ಒಂದು ಚೀಟಿ ಬರೆದು ಒಳಗೆ ಅಂಟಿಸಿದೆ. ‘ಸ್ಲಾಟ್ 2 ಲೇನ್. ಪ್ಯಾಡ್ 1.5 ಮಿ.ಮೀ. ತುದಿಯ ಸ್ಕ್ರೂ ಮೊಬೈಲ್ ಅಂಗಡಿಯದ್ದು.’ ಭಾಮೈದನ ಕೇಬಲ್ಲಿಗೆ ಕೆಂಪು ದಾರ ಕಟ್ಟಿ ವಾಪಸ್ ಕೊಟ್ಟೆ, ಚಾರ್ಜಿಗೆ ಮಾತ್ರ ಅಂತ. ಜಿಡ್ಡಾದ 11 ಸ್ಕ್ರೂಗಳನ್ನು ಹಳೇ ಬನಿಯನ್ನಿನಲ್ಲಿ ಒರೆಸಿ, ಗುಳಿ ನೋಡಿ ನೋಡಿ ಅದರದರ ಜಾಗಕ್ಕೆ ಹಾಕಿದೆ. ಹಂಚನ್ನು ನಾನೇ ಎರಡು ಸಲ ತೊಳೆದು ಕೊಟ್ಟೆ. ಅವಳು ಮೂರನೇ ಸಲ ತೊಳೆದಳು.